ಉಪಚಾರದ ಒಂದು ಅಂಕ

ಜೂನ್ 3, ಮಂಗಳವಾರ

ಘನತೆವೆತ್ತ ವಿಚಾರಣಾ ಮಂಡಳಿಯ ಅಧ್ಯಕ್ಷರೇ, ಕನ್ನಡಕ ಒರೆಸಿಕೊಳ್ಳುತ್ತಿರುವ ಸದಸ್ಯರೇ, ಮೂಲೆಯಲ್ಲಿ ತೂಕಡಿಸುತ್ತ ಬೆರಳಚ್ಚು ಮಾಡುತ್ತಿರುವ ಗುಮಾಸ್ತರೇ,

ಈ ದಿನಚರಿ ನಿಮ್ಮ ಮೇಜು ಸೇರಿದೆ ಎಂದರೆ, ರಿಯೊ ಸೆನಿಸಾದ ರನ್‌ವೇಯಿಂದ ಯಾವುದೋ ವಿಮಾನ ಜಾರಿಹೋಗಿ ಪಕ್ಕದ ಕುರಿಬೇಲಿಯೊಳಗೆ ಮೂಗು ತೂರಿಸಿದೆ ಎಂದೇ ಅರ್ಥ. ಹಾಗಾಗದಂತೆ ನೋಡಿಕೊಳ್ಳುವುದು ನನ್ನ ನೌಕರಿ. ಒಂದು ವೇಳೆ ಆಗಿಯೇ ಬಿಟ್ಟರೆ, ಕಟಕಟೆಯಲ್ಲಿ ನಿಂತು ತಡವರಿಸುವ ಬದಲು ಇದನ್ನೇ ಓದಿಬಿಡಬಹುದು ಎಂಬ ದೂರಾಲೋಚನೆಯಿಂದ ಇಂದು ಆರಂಭಿಸಿದ್ದೇನೆ. ನಿಷ್ಪಕ್ಷಪಾತವಾಗಿ ಬರೆಯುತ್ತೇನೆ. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ನನ್ನ ಹೆಸರು ನೆಲಿದಾ ಬರ್ರೀಯಾ. ವಯಸ್ಸು ನಲವತ್ತಾರು. ರನ್‌ವೇ ತಪಾಸಣೆ ನನ್ನ ಕೆಲಸ. ಇಷ್ಟು ವರ್ಷ ನನ್ನ ಮೇಲಧಿಕಾರಿ ದೋನ್ ಆನ್ಸೆಲ್ಮೊ ರೇಡಿಯೋದ ಮೈಕ್ ಹಿಡಿಯುತ್ತಿದ್ದರು, ನಾನು ಜೀಪು ಓಡಿಸುತ್ತಿದ್ದೆ. ಕಳೆದ ಶುಕ್ರವಾರ ಅವರು ನಿವೃತ್ತರಾದರು. ಇನ್ನು ಜೀಪೂ ನನ್ನದೇ, ಮೈಕೂ ನನ್ನದೇ, ಬೈಗುಳವೂ ನನ್ನದೇ.

ಕೆಲಸ ಸರಳ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕರಾವಳಿಯ ಗಾಯೆಗೋಸ್‌ನಿಂದ ಒಂದು ವಿಮಾನ ಬರುತ್ತದೆ. ಅದು ಹೊರಡುವ ಮುಂಚೆ ನಾನು ಜೀಪಿನ ಹಿಂದೆ ಅಳತೆಗಾಡಿ ಕಟ್ಟಿಕೊಂಡು ರನ್‌ವೇ ಉದ್ದಕ್ಕೂ ಓಡಿಸುತ್ತೇನೆ. ಅದರ ಒಂದು ಚಕ್ರ ಬೇಕೆಂದೇ ಎಳೆದಾಡುತ್ತ, ನೆಲ ಎಷ್ಟು ಹಿಡಿಯುತ್ತದೆ, ಎಷ್ಟು ಜಾರುತ್ತದೆ ಎಂದು ಹೇಳುತ್ತದೆ. ನಾವು ಅದನ್ನು ‘ಅತ್ತೆ’ ಎನ್ನುತ್ತೇವೆ. ಯಾವಾಗಲೂ ಬೆನ್ನ ಹಿಂದೆಯೇ, ಯಾವಾಗಲೂ ಏನಾದರೊಂದು ತಕರಾರು. ಅತ್ತೆ ಹೇಳಿದ್ದನ್ನು, ನನ್ನ ಕಣ್ಣು ಕಂಡದ್ದನ್ನು ಕೂಡಿಸಿ ಒಂದು ಅಂಕ ಕೊಡಬೇಕು. ಆರು ಎಂದರೆ ಒಣ ನೆಲ. ಸೊನ್ನೆ ಎಂದರೆ ಎಣ್ಣೆ ಸವರಿದ ಗಾಜು. ನಮ್ಮದು ಗಿಡ್ಡ ರನ್‌ವೇ. ಮೂರಿದ್ದರೆ ಇಳಿಯಬಹುದು, ಎರಡಾದರೆ ಇಳಿಯುವಂತಿಲ್ಲ. ಇಷ್ಟೇ ವಿದ್ಯೆ.

ನನಗೊಂದು ಚಟವಿದೆ, ಪ್ರಾಸದ್ದು. ನಮ್ಮ ಕಡೆ ತ್ರೂಕೊ ಎಂಬ ಇಸ್ಪೀಟು ಆಟದಲ್ಲಿ ಒಂದೇ ಜಾತಿಯ ಮೂರು ಎಲೆ ಕೈಗೆ ಬಂದರೆ ‘ಹೂವು’ ಎಂದು ಪದ್ಯ ಕಟ್ಟಿ ಕೂಗುವ ರೂಢಿ. ಊರಿನಲ್ಲಿ ನನ್ನ ಪದ್ಯಕ್ಕೆ ಹೆಸರಿದೆ. ಆಟಕ್ಕೆ ಇಲ್ಲ. ತ್ರೂಕೊದಲ್ಲಿ ಇಲ್ಲದ ಎಲೆಯನ್ನು ಇದೆ ಎಂದು ನಂಬಿಸಬೇಕು, ಅಲ್ಲಿ ನಾನು ಸೋಲುತ್ತೇನೆ.

ಇನ್ನೊಂದು: ಶ್ರೀಮತಿ ಎರ್ಸೀಲಿಯಾ ಎಂಬ ಪ್ರಯಾಣಿಕರು ಇಂದಿನ ವಿಮಾನದಲ್ಲಿ ಹೊರಟರು. ಬ್ಯೂನಸ್ ಐರಿಸ್‌ನಲ್ಲಿ ಅವರ ಹೃದಯದ ಕವಾಟ ಬದಲಿಸುತ್ತಾರಂತೆ. ಅವರು ನನ್ನ ತಾಯಿ. ಇದು ದಾಖಲೆಗೆ ಸಂಬಂಧಿಸಿದ್ದಲ್ಲ.

ಜೂನ್ 13, ಶುಕ್ರವಾರ

ನಮ್ಮ ದಕ್ಷಿಣ ತುದಿಯ ಚಳಿಗಾಲದ ಮೊದಲ ಹಿಮ. ಅತ್ತೆಯ ಜೊತೆ ಒಂದು ಸುತ್ತು ಹೋಗಿ ಬಂದೆ. ಒತ್ತಿ ಗಟ್ಟಿಯಾದ ಹಿಮ, ಅಂಕ ಮೂರು.

ಆಫೀಸಿಗೆ ಬಂದರೆ ದೋನ್ ಆನ್ಸೆಲ್ಮೊ ತಮ್ಮ ಹಳೆ ಕುರ್ಚಿಯಲ್ಲಿ ಕೂತು ಮಾಟೆ ಎಂಬ ಎಲೆಯ ಕಷಾಯ ಕುಡಿಯುತ್ತಿದ್ದರು. ನಿವೃತ್ತಿ ಅವರಿಗೆ ಆಗಿದೆ, ಕುರ್ಚಿಗೆ ಆದಂತಿಲ್ಲ. ಫೋನು ಎತ್ತಿಕೊಂಡು ಗಾಯೆಗೋಸ್‌ಗೆ ಅಂಕ ಹೇಳಲು ಹೊರಟವಳನ್ನು ಕೈ ಎತ್ತಿ ತಡೆದರು.

“ಎಷ್ಟು ಬಂತು?”

“ಮೂರು.”

“ನಾಲ್ಕು ಅನ್ನು.”

ನಾನು ನಕ್ಕೆ. ಅವರು ನಗಲಿಲ್ಲ. ಮಾಟೆ ಬುರುಡೆಗೆ ಬಿಸಿನೀರು ಸುರಿದು ನನ್ನ ಕೈಗೆ ಕೊಟ್ಟು, ತಮ್ಮ ಗುರುಗಳು ತಮಗೆ ಹೇಳಿಕೊಟ್ಟದ್ದನ್ನು ನನಗೆ ಹೇಳಿಕೊಟ್ಟರು. ಸೆನಿಸಾದಲ್ಲಿ ಅಳತೆಗೆ ಒಂದು ಅಂಕ ಸೇರಿಸಿ ಹೇಳುವುದು ಹಿಂದಿನಿಂದ ಬಂದ ಪದ್ಧತಿಯಂತೆ. ಪೈಲಟ್‌ಗಳಿಗೂ ಗೊತ್ತಂತೆ. ಅವರು ಅದರಲ್ಲಿ ಒಂದು ಕಳೆದು ಓದಿಕೊಳ್ಳುತ್ತಾರಂತೆ.

“ಇದು ಸುಳ್ಳಲ್ಲ ಹುಡುಗಿ, ಉಪಚಾರ. ಮನೆಗೆ ಬರೋರನ್ನ ಬಾಗ್ಲಲ್ಲೇ ನಿಲ್ಸಿ ನೆಲ ಜಾರತ್ತೆ ಹುಷಾರು ಅಂತೀವಾ? ಬರಬೇಡಿ ಅಂತ ನಾವು ಯಾವತ್ತೂ ಹೇಳಲ್ಲ. ಇವತ್ತಾಗಲ್ಲ ಅಂತ ಅವರೇ ಹೇಳ್ಬೇಕು. ಅದು ಮರ್ಯಾದೆ.”

“ಅವರು ಕಳೆಯೋದು ಮರೆತರೆ?”

“ಎಚಾರ್ಟ್ ಮರೀತಾನಾ? ನಿನಗೆ ಹಲ್ಲು ಹುಟ್ಟೋ ಮುಂಚೆ ಇಲ್ಲಿ ಇಳಿದೋನು ಅವನು.”

ಉತ್ಪ್ರೇಕ್ಷೆ. ಹಲ್ಲು ನನಗೆ ಆಗಲೇ ಇದ್ದವು. ಆದರೂ ನಾಲ್ಕು ಎಂದೆ. ಕ್ಯಾಪ್ಟನ್ ಎಚಾರ್ಟ್ ಮೇಜಿನ ಮೇಲೆ ಲೋಟ ಇಟ್ಟಷ್ಟು ಹಗುರವಾಗಿ ವಿಮಾನ ಇಳಿಸಿ, ಕಿಟಕಿಯಿಂದ ನನಗೆ ಕಣ್ಣು ಹೊಡೆದರು. ತ್ರೂಕೊ ಜೊತೆಗಾರರು ಹೊಡೆಯುವ ಹಾಗೆ.

ಮಂಡಳಿಯ ಅವಗಾಹನೆಗೆ ಇಂದಿನ ಪದ್ಯ:

*ಮೂರಕ್ಕೆ ನಾನು ನಾಲ್ಕೆಂದೆ, ನಾಲ್ಕನ್ನು ಆತ ಮೂರೆಂದ;*
*ಸುಳ್ಳಲ್ಲಿ ಸುಳ್ಳು ಕಳೆದಾಗ ಉಳಿದದ್ದು ಬರೀ ಆನಂದ.*

ಜೂನ್ 24, ಮಂಗಳವಾರ

ಬೆಳಿಗ್ಗೆ ತುಂತುರು ಮಳೆ, ಆಮೇಲೆ ಚಳಿ ಗಟ್ಟಿಯಾಯಿತು, ಅದರ ಮೇಲೆ ಹಿಮ. ಅತ್ತೆ ಎರಡು ಎಂದಳು. ನಾನು ಇಳಿದು ಬೂಟಿನ ಹಿಮ್ಮಡಿಯಿಂದ ಒತ್ತಿ ನೋಡಿದೆ. ಎರಡೇ.

ಪದ್ಧತಿಯಂತೆ ಗಾಯೆಗೋಸ್‌ಗೆ ಮೂರು ಎಂದೆ. ಎಚಾರ್ಟ್ ಅದನ್ನು ಎರಡು ಎಂದು ಓದಿಕೊಂಡು, ‘ಇವತ್ತಾಗಲ್ಲ ಸೆನಿಸಾ, ಶುಕ್ರವಾರ ನೋಡೋಣ’ ಎನ್ನುತ್ತಾರೆ, ನಾನು ‘ಛೆ, ಎಂಥ ನಷ್ಟ’ ಎನ್ನುತ್ತೇನೆ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ ಎಂದು ಕಾದು ಕೂತೆ.

ರೇಡಿಯೋದಲ್ಲಿ ಬಂದದ್ದು ಹೆಂಗಸಿನ ದನಿ. ಮೂರು ಎಂಬುದು ತಲುಪಿದೆ, ಇಳಿಯುತ್ತಿದ್ದೇನೆ ಎಂದಿತು.

ಎರಡು ಎನ್ನಲು ಬಾಯಿ ತೆರೆದೆ. ಆನ್ಸೆಲ್ಮೊ, ಅವರ ಗುರು, ಗುರುವಿನ ಗುರು, ಎಲ್ಲರೂ ಸೇರಿ ಬಾಯಿಗೆ ಅಡ್ಡ ನಿಂತರು. ಅಷ್ಟರಲ್ಲಿ ಚಕ್ರ ನೆಲ ಮುಟ್ಟಿತ್ತು.

ವಿಮಾನ ನಿಲ್ಲಲಿಲ್ಲ. ಓಡಲೂ ಇಲ್ಲ. ತೇಲಿಕೊಂಡು ಹೋಯಿತು. ನಡು ದಾಟಿತು, ಕೊನೆಯ ಭಾಗ ಸೇರಿತು, ಬಾಲ ಒಂದು ಕಡೆಗೆ ವಾಲಿತು, ಮತ್ತೆ ನೇರವಾಯಿತು. ಕೊನೆಯ ದೀಪಗಳ ಆಚೆ, ನಮ್ಮ ಲಾರಿ ತಳ್ಳಿ ಗುಡ್ಡೆ ಹಾಕಿದ್ದ ಹಿಮದೊಳಗೆ ಮುಂದಿನ ಚಕ್ರ ಹೂತು ನಿಂತಿತು. ಒಳಗೆ ಪ್ರಯಾಣಿಕರು ಎಂದಿನಂತೆ ಚಪ್ಪಾಳೆ ತಟ್ಟಿದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ.

ಪೈಲಟ್ ಇಳಿದು ಬಂದಳು. ಹೆಸರು ಲೂರೊ, ತುಕುಮಾನ್ ಕಡೆಯವಳು. ಕಬ್ಬಿನ ನಾಡಿನಲ್ಲಿ ಹುಟ್ಟಿದವಳು ಈ ತಿಂಗಳಷ್ಟೇ ದಕ್ಷಿಣಕ್ಕೆ ಬಂದಿದ್ದಾಳೆ. ಬೂಟಿನ ತುದಿಯಿಂದ ಹಿಮ ಕೆರೆದಳು. ಕೆಳಗೆ ಮಂಜುಗಡ್ಡೆ ಹೊಳೆಯಿತು.

“ಇದು ಮೂರಾ?” ಎಂದಳು. ಕೋಪದಿಂದಲ್ಲ, ಕಲಿಯುವವರು ಕೇಳುವ ಹಾಗೆ. ಸೆನಿಸಾದಲ್ಲಿ ಮೂರು ಎಂದರೆ ಹೀಗಿರುತ್ತದೆ ಎಂದು ನೆನಪಿಟ್ಟುಕೊಳ್ಳಲು.

ನಾನು ಹೂತ ಚಕ್ರದ ಸುತ್ತ ಹಿಮ ಬಗೆಯತೊಡಗಿದೆ.

ಇಂದು ಪದ್ಯವಿಲ್ಲ.

ಜೂನ್ 25, ಬುಧವಾರ

ಲೂರೊಗೆ ಫೋನು ಮಾಡಿ ಹೇಳಿದೆ: ನಿನ್ನೆಯದು ಎರಡು, ನಾನು ಮೂರು ಎಂದೆ. ಆಕೆ, ಹೇಳಿದ್ದಕ್ಕೆ ವಂದನೆ, ವರದಿ ಮಾಡುತ್ತೇನೆ ಎಂದಳು. ಮಾಡಲಿ.

ಇನ್ನು ಮುಂದೆ ಅತ್ತೆ ಹೇಳಿದ್ದೇ ಅಂಕ. ಕೂಡುವುದಿಲ್ಲ, ಕಳೆಯುವುದಿಲ್ಲ, ನಾಚುವುದಿಲ್ಲ.

ಶ್ರೀಮತಿ ಎರ್ಸೀಲಿಯಾ ಅವರ ಶಸ್ತ್ರಚಿಕಿತ್ಸೆ ಮುಗಿದಿದೆ, ಕ್ಷೇಮ. ಎದೆಯ ಹೊಲಿಗೆ ಮಾಗುವವರೆಗೆ ಜಲ್ಲಿರಸ್ತೆಯ ಬಸ್ಸು ಕೂಡದು, ಊರಿಗೆ ವಿಮಾನದಲ್ಲೇ ಹೋಗಬೇಕು ಎಂದಿದ್ದಾರೆ ವೈದ್ಯರು. ಜುಲೈ ಕೊನೆಯ ಹೊತ್ತಿಗೆ. ಇದೂ ದಾಖಲೆಗೆ ಸಂಬಂಧಿಸಿದ್ದಲ್ಲ.

ಜುಲೈ 1, ಮಂಗಳವಾರ

ಅಳತೆ ಮೂರು. ಹೇಳಿದ್ದು ಮೂರು. ಎಚಾರ್ಟ್ ನಮ್ಮ ಬೆಟ್ಟದ ತುದಿಯವರೆಗೆ ಬಂದು, ವಿನಯದಿಂದ ವಿದಾಯ ಹೇಳಿ, ತಿರುಗಿ ಗಾಯೆಗೋಸ್‌ಗೆ ಹೋದರು.

ಹೋಗಲೇಬೇಕಿತ್ತು. ಅವರ ಲೆಕ್ಕದಲ್ಲಿ ನನ್ನ ಮೂರು ಎರಡು. ಇಳಿಯಬಹುದಾಗಿದ್ದ ನೆಲದ ಮೇಲೆ, ನಾನು ನಿಜ ಹೇಳಿದ ಕಾರಣಕ್ಕೆ, ವಿಮಾನ ಇಳಿಯಲಿಲ್ಲ. ಮಂಡಳಿಯವರು ಈ ವಾಕ್ಯವನ್ನು ಎರಡು ಸಲ ಓದಬಹುದು. ನಾನಂತೂ ಓದಿಕೊಂಡೆ.

ಮಧ್ಯಾಹ್ನ ಅವರಿಗೆ ಫೋನು ಮಾಡಿದೆ. ಪದ್ಧತಿ ನಿಲ್ಲಿಸಿದ್ದೇನೆ, ಇನ್ನು ನಾನು ಹೇಳಿದ್ದೇ ಅಳತೆ, ಕಳೆಯಬೇಡಿ ಎಂದೆ. ಆ ಕಡೆಯಿಂದ ನಗು ಕೇಳಿತು. ಒಳ್ಳೆಯ ಮನುಷ್ಯನ ನಗು.

“ನೆಲಿ, ನೀವು ಸೆನಿಸಾದೋರು ನನಗೆ ಇಷ್ಟ ಯಾಕೆ ಗೊತ್ತಾ? ಬೇರೆ ಊರೋರು ಹೆಂಗೆಂಗೋ ಸುಳ್ಳು ಹೇಳ್ತಾರೆ. ನೀವು ಸರಿಯಾಗಿ ಒಂದೇ ಒಂದು ಸುಳ್ಳು ಹೇಳ್ತೀರಿ. ಅಂಥವರನ್ನ ನಂಬಬಹುದು.”

“ಈಗ ಆ ಒಂದೂ ಇಲ್ಲ, ಕ್ಯಾಪ್ಟನ್.”

“ಅದನ್ನೇ ತಾನೇ ಎಲ್ಲರೂ ಹೇಳೋದು. ‘ಈ ಸಲ ನಿಜವಾಗ್ಲೂ ಎಲೆ ಇದೆ’ ಅಂತ. ಹಂಗಂದಾಗ ನೀನು ನಂಬ್ತೀಯಾ?”

ನಂಬುವುದಿಲ್ಲ. ಯಾರೂ ನಂಬುವುದಿಲ್ಲ. ‘ನನ್ನ ಹಿಂದೆ ಮಕ್ಕಳು ಮರಿ ಕೂತಿರುತ್ತಾರೆ, ಅನುಮಾನ ಬಂದರೆ ಕಳೆಯುವುದೇ ನನ್ನ ಧರ್ಮ’ ಎಂದರು ಎಚಾರ್ಟ್. ಅವರ ಜಾಗದಲ್ಲಿ ನಾನಿದ್ದರೂ ಕಳೆಯುತ್ತಿದ್ದೆ.

ಜುಲೈ 9, ಬುಧವಾರ

ಸ್ವಾತಂತ್ರ್ಯ ದಿನ. ಅಗ್ನಿಶಾಮಕ ಠಾಣೆಯಲ್ಲಿ ಎಂದಿನಂತೆ ಇಡೀ ಊರಿಗೆ ಲೋಕ್ರೊ. ಜೋಳ, ಕುಂಬಳ, ಮಾಂಸ ಹಾಕಿ ಕುದಿಸಿದ ಆ ಗಟ್ಟಿ ಸಾರನ್ನು ಬಡಿಸುವವರು ನನ್ನ ತಟ್ಟೆಗೆ ಬರೀ ಕುಂಬಳ ಹಾಕಿದರು. ಬೇಕರಿಯ ತೀತಾಳ ಈಸ್ಟ್ ಗಾಯೆಗೋಸ್‌ನಲ್ಲಿ ಕೊಳೆಯುತ್ತಿದೆ. ಕಳೆದ ಎರಡು ವಾರದಲ್ಲಿ ಬಂದದ್ದು ಒಂದೇ ವಿಮಾನ, ಅದೂ ನೆಲ ಒಣಗಿದ್ದ ದಿನ. ಹೀಗೇ ಆದರೆ ಸೆಪ್ಟೆಂಬರಿನವರೆಗೆ ವಿಮಾನವೇ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಸಾರಿಗಿಂತ ಬಿಸಿಯಾಗಿ ಹರಿದಾಡುತ್ತಿತ್ತು.

“ಸಂತ ನೆಲಿದಾ ಬಂದ್ರು, ದಾರಿ ಬಿಡ್ರಪ್ಪ,” ಎಂದಳು ತೀತಾ. “ಅವರ ಬಾಯಲ್ಲಿ ಸತ್ಯ, ನಮ್ಮ ಬಾಯಲ್ಲಿ ನಿನ್ನೆ ಮೊನ್ನೆ ಬ್ರೆಡ್ಡು.”

ಪ್ರಾಸ ಇಲ್ಲದಿದ್ದರೂ ಲಯ ಚೆನ್ನಾಗಿತ್ತು. ಒಪ್ಪಿಕೊಂಡೆ.

ಹಿಮ ತಳ್ಳುವ ಲಾರಿಯ ಚುಯೆಕೊ ಮಾತ್ರ ಪಕ್ಕದಲ್ಲಿ ಕೂತ. ಕಾಲು ಸೊಟ್ಟ, ಹಾಗಾಗಿ ಆ ಹೆಸರು. ಅಸಲಿ ಹೆಸರು ಅವನ ಹೆಂಡತಿಗೂ ಮರೆತಿದೆ. ತನ್ನ ತಟ್ಟೆಯ ಮಾಂಸ ನನ್ನ ತಟ್ಟೆಗೆ ದಾಟಿಸಿ, ಯಾರೂ ನೋಡಲಿಲ್ಲ ಎಂಬಂತೆ ಚಾವಣಿ ನೋಡಿದ.

ದೋನ್ ಆನ್ಸೆಲ್ಮೊ ದೂರದಲ್ಲಿ ಕೂತಿದ್ದರು. ನಾನೇ ಹೋಗಿ, ನೀವೊಂದು ಮಾತು ಹೇಳಿದರೆ ಎಚಾರ್ಟ್ ನಂಬುತ್ತಾರೆ ಎಂದೆ. ಅವರು ಚಮಚ ಕೆಳಗಿಟ್ಟರು.

“ಹೇಳ್ದೆ ಕಣೇ. ಹೋದ ವಾರಾನೇ ಫೋನ್ ಮಾಡಿ ಹೇಳ್ದೆ. ನಾನು ಹೇಳಿದ್ದಕ್ಕೇ ನಂಬಲಿಲ್ಲ.” ಮತ್ತೆ ಚಮಚ ಎತ್ತಿಕೊಂಡು, ನನ್ನ ಮುಖ ನೋಡದೆ, “ಇಷ್ಟು ವರ್ಷ ಉಪಚಾರ ಮಾಡಿದೋನ ಮಾತಿಗೆ ಇಷ್ಟೇ ಬೆಲೆ,” ಎಂದರು.

ಮನೆಗೆ ಬರುವಾಗ ಅಮ್ಮನ ಗಿಡಕ್ಕೆ ನೀರು ಹಾಕುವುದು ಮರೆತಿದ್ದು ನೆನಪಾಯಿತು. ಹಾಕಿದೆ.

ಜುಲೈ 15, ಮಂಗಳವಾರ

ಬಿಸಿಲು. ಐದು. ಎಚಾರ್ಟ್ ನಾಲ್ಕು ಎಂದುಕೊಂಡು ಇಳಿದರು. ತೀತಾಳಿಗೆ ಈಸ್ಟ್ ಬಂತು. ಬಿಸಿಲಿನಲ್ಲಿ ಎಲ್ಲರೂ ಸತ್ಯವಂತರೇ.

ಜುಲೈ 18, ಶುಕ್ರವಾರ

ಲೂರೊ. ಮೂರು ಎಂದೆ. ಮೂರು ಎಂದೇ ಕೇಳಿಸಿಕೊಂಡು ಇಳಿದಳು, ರನ್‌ವೇಯ ಮುಕ್ಕಾಲಿನಲ್ಲೇ ನಿಂತಳು. ಹೋಗುವಾಗ ಒಂದು ಪೊಟ್ಟಣ ಬೆಲ್ಲದಂಥ ಕಬ್ಬಿನ ಮಿಠಾಯಿ ಕೊಟ್ಟಳು, ಅವರೂರಿನದು. ತಪಾಸಣೆ ಅಧಿಕಾರಿ ಉಡುಗೊರೆ ಪಡೆಯಬಾರದು ಎಂಬ ನಿಯಮ ನೆನಪಾಗುವಷ್ಟರಲ್ಲಿ ಚುಯೆಕೊ ಅರ್ಧ ಮುಗಿಸಿದ್ದ.

ಆಕೆ ಹೇಳಿದ್ದು: ಮುಂದಿನ ವಾರ ನನಗೆ ರಜೆ, ಎರಡೂ ದಿನ ಎಚಾರ್ಟ್ ಬರುತ್ತಾರೆ.

ಮುಂದಿನ ಮಂಗಳವಾರವೇ ಅಮ್ಮ ಬರುವುದು.

ಜುಲೈ 21, ಸೋಮವಾರ

ಎಡೆಬಿಡದೆ ಹಿಮ. ನಾಲ್ಕು ಆಗಬೇಕು. ನಿಜವಾದ ನಾಲ್ಕು ಇದ್ದರೆ ನಿಜವಾಗಿ ನಾಲ್ಕು ಎನ್ನಬಹುದು, ಎಚಾರ್ಟ್ ಕಳೆದರೂ ಮೂರು ಉಳಿಯುತ್ತದೆ, ಯಾರ ಮಾತೂ ಮುಕ್ಕಾಗದೆ ಅಮ್ಮ ಮನೆಗೆ ಬರುತ್ತಾಳೆ. ಹಿಮದ ಜೊತೆ ಜಗಳವಾಡಿಯಾದರೂ ಆ ಒಂದು ಅಂಕ ಕಿತ್ತುಕೊಳ್ಳಬೇಕು.

ಚುಯೆಕೊ ಲಾರಿ ಹತ್ತಿದವನು ಊಟಕ್ಕೂ ಇಳಿಯಲಿಲ್ಲ. ಹಿಮ ಕರಗಲೆಂದು, ಹೊಲಕ್ಕೆ ಎರಚುವ ಹಾಗೆ ಯೂರಿಯಾ ಎರಚಿದೆವು. ಕುಂಚದ ಗಾಡಿ ತಿರುಗಿಸಿದೆವು. ಸಂಜೆ ಹೊತ್ತಿಗೆ ದೋನ್ ಆನ್ಸೆಲ್ಮೊ ಗುದ್ದಲಿ ಹಿಡಿದುಕೊಂಡು ಬಂದು ಅಂಚಿನ ದೀಪಗಳ ಸುತ್ತ ಬಗೆಯತೊಡಗಿದರು. ಅವರನ್ನು ಬೇಡ ಎನ್ನಲು ನನಗೆ ಧೈರ್ಯವಾಗಲಿಲ್ಲ. ಅವರಿಗೂ ಅದೇ ಬೇಕಿತ್ತು.

ಕೈ ಬೆರಳು ಮಡಚುತ್ತಿಲ್ಲ. ಅಕ್ಷರ ಸೊಟ್ಟ. ಮಂಡಳಿ ಕ್ಷಮಿಸಲಿ.

ಜುಲೈ 22, ಮಂಗಳವಾರ

ಮೂರು.

ಮೂರು ಸಲ ಓಡಿಸಿದೆ. ಮೂರು ಸಲವೂ ಮೂರು. ನಡುವಿನ ಭಾಗದಲ್ಲಿ ನಾಲ್ಕರ ಆಸೆ ತೋರಿಸಿ, ಕೊನೆಯ ಭಾಗದಲ್ಲಿ ಅತ್ತೆ ಮತ್ತೆ ಮುಖ ತಿರುಗಿಸಿದಳು.

ಆಫೀಸಿಗೆ ಬಂದು ಕೂತೆ. ಚುಯೆಕೊ ಬಾಗಿಲಿಗೆ ಒರಗಿ ನಿಂತ. ಹಿಂದಿನ ದಿನದಿಂದ ನಿದ್ದೆಯಿಲ್ಲದ ಕಣ್ಣು.

“ನಾಲ್ಕು ಅಂದ್ಬಿಡು ನೆಲಿ.”

ನಾನು ಒದ್ದೆ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟೆ.

“ಯೋಚ್ನೆ ಮಾಡು. ನೀನು ನಾಲ್ಕು ಅಂತೀಯ, ಎಚಾರ್ಟ್ ಮೂರು ಅಂದ್ಕೊತಾನೆ. ನೆಲ ಮೂರೇ ಇದೆ. ಸರಿಯಾದ ನೆಲಕ್ಕೆ ಸರಿಯಾದ ಲೆಕ್ಕದಲ್ಲೇ ಇಳೀತಾನೆ. ದೋನ್ಯಾ ಎರ್ಸೀಲಿಯಾ ಮಧ್ಯಾಹ್ನಕ್ಕೆ ಮನೇಲಿ ಇರ್ತಾರೆ. ಇದರಲ್ಲಿ ಯಾರಿಗೆ ಏನು ಹೋಯ್ತು, ಹೇಳು.”

ಅವನು ಹೇಳಿದ್ದು ಅಕ್ಷರಶಃ ಸರಿ. ಇಂದು ಸುಳ್ಳು ಹೇಳಿದರೆ ಎಲ್ಲ ಸುರಕ್ಷಿತ, ನಿಜ ಹೇಳಿದರೆ ಹೊಲಿಗೆ ಹಾಕಿದ ಎದೆಯ ಮುದುಕಿಯೊಬ್ಬಳು ಮನೆಯ ಚಾವಣಿಯನ್ನು ಕಿಟಕಿಯಿಂದ ನೋಡಿ ವಾಪಸ್ ಹೋಗುತ್ತಾಳೆ. ಆದರೆ ಮುಂದಿನ ವಾರ ಲೂರೊ ಬರುತ್ತಾಳೆ. ಅವಳಿಗೊಂದು ಅಂಕ, ಇವರಿಗೊಂದು ಅಂಕ ಎಂದು ಎರಡು ರನ್‌ವೇ ಇಟ್ಟುಕೊಳ್ಳಲು ನಮ್ಮಲ್ಲಿರುವುದು ಒಂದೇ.

ಗಾಯೆಗೋಸ್‌ಗೆ ಮೂರು ಎಂದೆ. ಎಚಾರ್ಟ್ ಆದರೂ ಹೊರಟರು. ಬೆಟ್ಟದ ಮೇಲೆ ಬಂದು ರೇಡಿಯೋದಲ್ಲಿ ಕೂಗಿದರು.

“ಸೆನಿಸಾ, ನಿನ್ನ ಅಮ್ಮ ನನ್ನ ಬೆನ್ನ ಹಿಂದೇನೇ ಕೂತಿದ್ದಾರೆ. ಗೊತ್ತಲ್ಲ?”

“ಗೊತ್ತು.”

“ಅಂಕ ಇನ್ನೊಂದ್ಸಲ ಹೇಳು.”

“ಮೂರು.”

ಒಂದು ಸುತ್ತು ಹಾಕಿದರು. ಎರಡನೆಯದು ಹಾಕಲಿಲ್ಲ. ಸದ್ದು ಪೂರ್ವಕ್ಕೆ ತಿರುಗಿ, ಸಣ್ಣದಾಗಿ, ಇಲ್ಲವಾಯಿತು. ಚುಯೆಕೊ ಟೊಪ್ಪಿ ತೆಗೆದು ಮೇಜಿಗೆ ಬಡಿದು ಹೊರಗೆ ಹೋದ. ನಾನು ದಾಖಲೆಯ ಪುಸ್ತಕದಲ್ಲಿ ‘ವಿಮಾನ ಹಿಂದಿರುಗಿತು’ ಎಂದು ಬರೆದು ಸಹಿ ಹಾಕಿದೆ. ಅಕ್ಷರ ಸೊಟ್ಟವಾಗಲಿಲ್ಲ. ಮಂಡಳಿ ಗಮನಿಸಲಿ.

ಜುಲೈ 23, ಬುಧವಾರ

ಅಮ್ಮನ ಫೋನು. ಗಾಯೆಗೋಸ್‌ನ ಒಂದು ವಸತಿಗೃಹದಿಂದ.

“ಅಲ್ವೇ, ನಾಲ್ಕು ಅಂದಿದ್ರೆ ನಿನ್ನ ನಾಲ್ಗೆ ಸವೀತಿತ್ತಾ?”

ಹೊಲಿಗೆ ಹೇಗಿದೆ ಎಂದೆ. ಹೊಲಿಗೆ ಚೆನ್ನಾಗಿದೆ, ಸೂಪು ನೀರು ನೀರು, ದಿಂಬು ಕಲ್ಲು, ಪಕ್ಕದ ಕೋಣೆಯವನ ಗೊರಕೆ ತುಪ್ಪಳದ ಸೀಲ್ ಪ್ರಾಣಿಯದು ಎಂಬ ಪೂರ್ಣ ವರದಿ ಬಂತು. ಆಮೇಲೆ, ಏನೋ ಮರೆತಿದ್ದು ನೆನಪಾದವಳಂತೆ, ನಿನ್ನೆ ಸಂಜೆ ಎಚಾರ್ಟ್ ನೋಡಲು ಬಂದಿದ್ದ ಎಂದಳು. ವಾಪಸ್ ತಂದದ್ದಕ್ಕೆ ಕ್ಷಮೆ ಕೇಳಲು. ಬಂದವನನ್ನು ಬರಿಗೈಲಿ ಕಳಿಸಬಾರದೆಂದು ತ್ರೂಕೊಗೆ ಕೂರಿಸಿಕೊಂಡು ಸೋಲಿಸಿ ಕಳಿಸಿದಳಂತೆ.

“ನಿನ್ನ ವಿಷ್ಯ ಕೇಳ್ದ. ಮಗಳು ಹೆಂಗೆ ಆಡ್ತಾಳೆ ಅಂತ.”

“ನೀನೇನಂದೆ?”

“ಆಡಕ್ಕೆ ಬರಲ್ಲ ಅಂದೆ. ಕೈಲಿ ಏನಿದೆ ಅಂತ ಮುಖದ ಮೇಲೇ ಬರ್ಕೊಂಡು ಕೂತಿರ್ತಾಳೆ, ಚಿಕ್ಕೋಳಿದ್ದಾಗಿಂದ ಹಂಗೇ, ಅದಕ್ಕೇ ಪದ್ಯ ಹೇಳಿ ಮುಚ್ಕೊತಾಳೆ ಅಂದೆ. ಅವನು ಎಲೆ ಹಂಗೇ ಹಿಡ್ಕೊಂಡು ಸುಮ್ನೆ ಕೂತ. ಅವನ ಸರದಿ ಬಂದ್ರೂ ಅವನಿಗೆ ಗೊತ್ತಾಗಲಿಲ್ಲ.”

ಜುಲೈ 25, ಶುಕ್ರವಾರ

ಘನತೆವೆತ್ತ ಮಂಡಳಿಯ ಮಹನೀಯರೇ, ಇಂದಿನ ದಾಖಲೆಯನ್ನು ಎದ್ದು ನಿಂತು ಕೇಳಬೇಕಾಗಿ ಕೋರಿಕೆ.

ಅಳತೆ ಮೂರು. ಹೇಳಿದ್ದು ಮೂರು. ಆಫೀಸಿನ ಕಿಟಕಿಯಲ್ಲಿ ನಾನು ಮತ್ತು ಚುಯೆಕೊ. ದೋನ್ ಆನ್ಸೆಲ್ಮೊ ಹೊರಗೆ, ಬೇಲಿಯ ಬಳಿ. ಅವರ ಹಿಂದೆ ತೀತಾ ಮೊದಲಾಗಿ ಅರ್ಧ ಊರು. ಯಾರೂ ಯಾರನ್ನೂ ಕರೆದಿರಲಿಲ್ಲ.

ರೇಡಿಯೋ ಕೆಮ್ಮಿತು.

“ಸೆನಿಸಾ, ಎಷ್ಟು?”

“ಮೂರು.”

ಗರಗರ ಸದ್ದು. ಆಮೇಲೆ, “ಮಂಗಳವಾರ ಎಷ್ಟಿತ್ತು?”

“ಮೂರೇ ಇತ್ತು.”

“ಅಮ್ಮ ಒಳಗಿದ್ರೂ ನಾಲ್ಕು ಅನ್ನಲಿಲ್ಲ ನೀನು.”

“ಇಲ್ಲ.”

“ಸುಳ್ಳು ಹೇಳೋಳಾಗಿದ್ರೆ ಅವತ್ತು ಹೇಳ್ತಿದ್ದೆ.” ಆಮೇಲೆ ದನಿ ಬದಲಾಯಿತು, ನೌಕರಿಯ ದನಿ. “ಮೂರು, ತಲುಪಿತು. ಮೂರಕ್ಕೇ ಬರ್ತಿದ್ದೀನಿ.”

ವಿಮಾನ ಪೂರ್ವದ ಬೆಟ್ಟದ ಭುಜದ ಮೇಲಿಂದ ದೀಪ ಹಚ್ಚಿಕೊಂಡು ಇಳಿಯಿತು. ಅಡ್ಡಗಾಳಿಗೆ ಎಡರೆಕ್ಕೆ ಸ್ವಲ್ಪ ಬಾಗಿಸಿ, ರನ್‌ವೇಯ ಆರಂಭದ ಗೆರೆಯ ಮೇಲೆಯೇ ಚಕ್ರ ಊರಿತು. ಎರಡೂ ಬದಿಗೆ ಹಿಮದ ಪುಡಿ ಮದುವಣಗಿತ್ತಿಯ ಮುಸುಕಿನಂತೆ ಎದ್ದಿತು. ನಡುಭಾಗದಲ್ಲಿ ವೇಗ ಇಳಿಯಿತು, ಕೊನೆಯ ಭಾಗ ತಲುಪುವ ಮುಂಚೆಯೇ ವಿಮಾನ ನಡೆಯುವ ಮನುಷ್ಯನಷ್ಟು ನಿಧಾನವಾಯಿತು. ತೂಗಾಡಲಿಲ್ಲ, ಬಾಲ ವಾಲಲಿಲ್ಲ. ಒಳಗಿನ ಚಪ್ಪಾಳೆ ಕಿಟಕಿಗಳ ಆಚೆ ಕಂಡಿತು. ಈ ಸಲ ಬೇಲಿಯ ಬಳಿ ಇದ್ದವರೂ ತಟ್ಟಿದರು. ದೋನ್ ಆನ್ಸೆಲ್ಮೊ ತಟ್ಟಲಿಲ್ಲ. ಟೊಪ್ಪಿ ತೆಗೆದು ಹಿಡಿದುಕೊಂಡು ನಿಂತಿದ್ದರು.

ಶ್ರೀಮತಿ ಎರ್ಸೀಲಿಯಾ ಎಚಾರ್ಟ್ ತೋಳು ಹಿಡಿದು ಮೆಟ್ಟಿಲಿಳಿದರು. ನನ್ನನ್ನು ಕಂಡು, “ನೆಲ ಚೆನ್ನಾಗಿದೆ. ನೀನ್ಯಾಕೆ ಹಿಂಗೆ ಬಿಳಚ್ಕೊಂಡಿದ್ದೀಯ?” ಎಂದರು. ಹಿಮ ಎಂದೆ.

ಪದ್ಯ, ಬಹಳ ದಿನದ ಮೇಲೆ:

*ಕೂಡಲಿಲ್ಲ, ಕಳೆಯಲಿಲ್ಲ, ಇದ್ದದ್ದನ್ನೇ ಕೂಗಿದೆ;*
*ಬಾರದಿದ್ದ ಲೋಹದ ಹಕ್ಕಿ ತಲೆಯ ತಗ್ಗಿಸಿ ಬಾಗಿದೆ.*

ಮೇಲಿನದೆಲ್ಲ ನಾನು ಕಿಟಕಿಯಲ್ಲಿ ನಿಂತು ಕಣ್ಣಾರೆ ಕಂಡದ್ದು. ನೆಲಿದಾ ಬರ್ರೀಯಾ, ರನ್‌ವೇ ತಪಾಸಣೆ, ರಿಯೊ ಸೆನಿಸಾ.

ಜುಲೈ 26, ಶನಿವಾರ

ಕಂಡಿಲ್ಲ.

ಅಮ್ಮ ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ಗಿಡಕ್ಕೆ ನೀರು ಜಾಸ್ತಿ ಹಾಕಿದ್ದೀಯ ಎಂದು ಬೈದು ಮಲಗಿದಳು. ಅಡುಗೆಮನೆಯಲ್ಲಿ ನಾನೊಬ್ಬಳೇ. ಮಂಡಳಿ ಎಂಬುದು ಯಾವುದೂ ಇಲ್ಲ. ಅಧ್ಯಕ್ಷರಿಲ್ಲ, ಕನ್ನಡಕದವರಿಲ್ಲ, ಗುಮಾಸ್ತರೂ ಇಲ್ಲ. ಅಮ್ಮನನ್ನು ಹೊತ್ತ ವಿಮಾನ ನನ್ನ ನೆಲದ ಮೇಲೆ ಜಾರಿದರೆ ಯಾರ ಮುಂದೆ ಅಳಬೇಕು ಎಂದು ತಿಳಿಯದೆ, ಅವಳು ಹೊರಟ ದಿನವೇ ನಿಮ್ಮನ್ನು ಕೂರಿಸಿಕೊಂಡೆ.

ಮಂಗಳವಾರ ವಿಮಾನ ತಿರುಗಿ ಹೋಯಿತಲ್ಲ, ಆಗ ನನಗೆ ಹಾಯೆನಿಸಿತು. ನಿನ್ನೆ ಎಚಾರ್ಟ್ ‘ಬರ್ತಿದ್ದೀನಿ’ ಎಂದ ಕೂಡಲೆ ಮೇಜಿನ ಕೆಳಗೆ ಕೂತು ಕೋಟು ತಲೆಗೆ ಎಳೆದುಕೊಂಡೆ. ರೆಕ್ಕೆ ಬಾಗಿದ್ದು, ಹಿಮ ಎದ್ದದ್ದು, ಆನ್ಸೆಲ್ಮೊ ಟೊಪ್ಪಿ ತೆಗೆದದ್ದು, ಎಲ್ಲ ಚುಯೆಕೊ ಆಮೇಲೆ ಹೇಳಿದ್ದು. ಎಚಾರ್ಟ್ ನಂಬಿದರು, ಲೂರೊ ನಂಬಿದಳು, ಚಪ್ಪಾಳೆ ತಟ್ಟಿದ ಊರು ನಂಬಿತು. ಆ ಮೂರನ್ನು ನಂಬದೆ ಇದ್ದವಳು ನಾನೊಬ್ಬಳೇ.